ಹಲ್ಲಿನ ಸೆಟ್ಟಿನ ಮೇಲೆ ಹೆಸರು ಯಾಕಿಲ್ಲ?

ಮಾನ್ಯ ಸಂಪಾದಕರೇ,

ನಾನು ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವವನು. ಡಾಕ್ಟರಲ್ಲ, ಟೆಕ್ನಿಷಿಯನ್. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ, ನಾವು ಸೆಟ್ ಮಾಡಿ ವಾಪಸ್ ಕಳಿಸುತ್ತೇವೆ, ಅದನ್ನು ಹಾಕಿಕೊಳ್ಳುವವರ ಮುಖ ನಮಗೆ ಕಾಣುವುದೇ ಇಲ್ಲ. ಇಂಥವನಿಗೆ ಪತ್ರಿಕೆಗೆ ಬರೆಯುವಂಥದ್ದು ಏನಿರುತ್ತದೆ ಅನ್ನಿಸಬಹುದು. ಇದೆ. ಕಟ್ಟಿಸಿಕೊಂಡ ಹಲ್ಲಿನ ಮೇಲೆ ಅದು ಯಾರದ್ದು ಅಂತ ಯಾಕೆ ಬರೆದಿರುವುದಿಲ್ಲ ಅನ್ನುವುದು ನನ್ನ ಪ್ರಶ್ನೆ.

ಮೊದಲು ಲ್ಯಾಬಿನೊಳಗೆ ಏನು ನಡೆಯುತ್ತದೆ ಅಂತ ಹೇಳಿಬಿಡುತ್ತೇನೆ. ಅಳತೆಯ ಜೊತೆ ಒಂದು ಚೀಟಿ ಬರುತ್ತದೆ. ಅದರಲ್ಲಿ ರೋಗಿಯ ಹೆಸರು, ಹಲ್ಲಿನ ಬಣ್ಣದ ನಂಬರು, ಆಕಾರದ ನಂಬರು, ಯಾವತ್ತಿಗೆ ಬೇಕು ಅನ್ನುವುದೆಲ್ಲ ಇರುತ್ತದೆ. ಪ್ಲಾಸ್ಟರ್ ಹುಯ್ದು ಅಚ್ಚು ತೆಗೆದ ಕೂಡಲೇ ನಾವು ಮಾಡುವ ಮೊದಲ ಕೆಲಸ ಅದರ ತಳದಲ್ಲಿ ಪೆನ್ಸಿಲ್ಲಿನಿಂದ ಹೆಸರು ಬರೆಯುವುದು. ಆಮೇಲೆ ಮೇಣದಲ್ಲಿ ವಸಡು ಕಟ್ಟಿ, ಹಲ್ಲು ಜೋಡಿಸಿ, ಅದನ್ನು ಫ್ಲಾಸ್ಕ್ ಅನ್ನುವ, ಎರಡು ಭಾಗವಾಗಿ ಬಿಚ್ಚುವ ಹಿತ್ತಾಳೆಯ ಡಬ್ಬಿಯೊಳಗೆ ಪ್ಲಾಸ್ಟರಿನಲ್ಲಿ ಹೂತು, ಬಿಸಿನೀರಿನಲ್ಲಿ ಮೇಣ ಕರಗಿಸಿ ತೆಗೆದು, ಆ ಖಾಲಿ ಜಾಗಕ್ಕೆ ಅಕ್ರಿಲಿಕ್ ಅನ್ನುವ ಪ್ಲಾಸ್ಟಿಕ್ಕಿನ ಕಲಸಿದ ಗುಲಾಬಿ ಹಿಟ್ಟು ತುಂಬಿ ಒತ್ತಿ, ಬಿಸಿನೀರಿನ ತೊಟ್ಟಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತೇವೆ. ತೊಟ್ಟಿಯಲ್ಲಿ ಒಟ್ಟಿಗೆ ಎಷ್ಟೋ ಫ್ಲಾಸ್ಕುಗಳಿರುತ್ತವೆ. ಒಂದಕ್ಕೊಂದು ಬದಲಾಗಬಾರದು ಅಂತ ಪ್ರತಿಯೊಂದಕ್ಕೂ ನಂಬರ್ ಹಾಕಿರುತ್ತೇವೆ. ಕೊನೆಗೆ ಪಾಲಿಷ್ ಮಾಡಿ ಇಟ್ಟುಕೊಡುವ ಡಬ್ಬಿಯ ಮೇಲೂ ಹೆಸರು.

ಈಗ ನೋಡಿ. ಡಬ್ಬಿ ಕಸಕ್ಕೆ ಹೋಗುತ್ತದೆ. ಚೀಟಿ ಎಲ್ಲೋ ಹೋಗುತ್ತದೆ. ಜಾಗ ಸಾಲದೆ ಅಚ್ಚನ್ನೂ ಸ್ವಲ್ಪ ದಿನಕ್ಕೆ ಎಸೆಯುತ್ತಾರೆ. ವರ್ಷಗಟ್ಟಲೆ ಒಬ್ಬರ ಬಾಯಿಯಲ್ಲಿ ಇರಬೇಕಾದ ಸೆಟ್ಟಿನ ಮೇಲೆ ಮಾತ್ರ ಒಂದು ಅಕ್ಷರವೂ ಇರುವುದಿಲ್ಲ. ನಮ್ಮ ಕೈಯಲ್ಲಿ ಇರುವಷ್ಟು ಹೊತ್ತು ಬದಲಾಗದ ಹಾಗೆ ಇಷ್ಟೆಲ್ಲ ಜಾಗ್ರತೆ ಮಾಡುತ್ತೇವೆ. ಬಾಗಿಲು ದಾಟಿದ ಮೇಲೆ ಯಾರದ್ದು ಯಾರ ಬಾಯಿಗೆ ಹೋದರೂ ನಮಗೇನು ಅನ್ನುವ ಹಾಗೆ ಇದ್ದುಬಿಡುತ್ತೇವೆ. ಮಗುವನ್ನು ಶಾಲೆಗೆ ಕಳಿಸುವಾಗ ನೀರಿನ ಬಾಟಲಿಯ ಮೇಲೂ ಹೆಸರು ಬರೆದು ಕಳಿಸುವವರು ನಾವು, ಅಲ್ವಾ?

ಹೆಸರು ಹಾಕುವುದು ದೊಡ್ಡ ಕಷ್ಟವೂ ಅಲ್ಲ. ಅಕ್ರಿಲಿಕ್ ತುಂಬಿ ಮೊದಲ ಸಲ ಒತ್ತಿದ ಮೇಲೆ, ಅಂಚಿನಿಂದ ಹೊರಗೆ ಬಂದ ಜಾಸ್ತಿ ಹಿಟ್ಟನ್ನು ಕತ್ತರಿಸಲು ಫ್ಲಾಸ್ಕನ್ನು ಹೇಗೂ ಒಮ್ಮೆ ಬಿಚ್ಚುತ್ತೇವೆ. ಆಗ ಹಿಟ್ಟು ಇನ್ನೂ ಮೆತ್ತಗಿರುತ್ತದೆ. ಹೆಸರು ಕೊರೆದ ತೆಳ್ಳನೆಯ ಸ್ಟೀಲ್ ಪಟ್ಟಿಯೊಂದನ್ನು ಸೆಟ್ಟಿನ ಹಿಂಭಾಗದಲ್ಲಿ ಇಟ್ಟು, ಮೇಲೆ ಬಣ್ಣವಿಲ್ಲದ ಅಕ್ರಿಲಿಕ್ ಒಂದು ಪದರ ಹಾಕಿ, ಮತ್ತೆ ಮುಚ್ಚಿ ಬೇಯಿಸಿದರೆ ಮುಗಿಯಿತು. ಪಟ್ಟಿ ಒಳಗೇ ಸೇರಿಹೋಗುತ್ತದೆ. ನಾಲಿಗೆಗೆ ತಾಗುವುದಿಲ್ಲ, ನಕ್ಕಾಗ ಕಾಣುವುದಿಲ್ಲ, ಸೆಟ್ ತೆಗೆದು ಬೆಳಕಿಗೆ ಹಿಡಿದರೆ ಓದಬಹುದು. ಸೆಟ್ಟಿನ ಒಟ್ಟು ಖರ್ಚಿನಲ್ಲಿ ಈ ಪಟ್ಟಿ ಲೆಕ್ಕಕ್ಕೇ ಬರುವುದಿಲ್ಲ.

ಈ ವಿಷಯ ಎತ್ತಿದ ಕೂಡಲೇ ಎಲ್ಲರೂ ಹೆಣದ ಗುರುತಿನ ಮಾತಿಗೇ ಹೋಗುತ್ತಾರೆ. ಹಲ್ಲಿನ ಡಾಕ್ಟರುಗಳ ಪುಸ್ತಕಗಳಲ್ಲೂ ಹಾಗೆಯೇ ಇದೆ. ಸೆಟ್ ಮಾಡಿಸಲು ಬಂದ ವಯಸ್ಸಾದವರಿಗೆ 'ನಾಳೆ ನಿಮಗೆ ಏನಾದರೂ ಆದರೆ ಗುರುತು ಹಿಡಿಯೋಕೆ' ಅಂದರೆ ಅವರು ಬಿಡ್ತು ಅನ್ನದೆ ಇನ್ನೇನು ಅಂದಾರು? ನನ್ನ ಪ್ರಕಾರ ಇದರ ದೊಡ್ಡ ಉಪಯೋಗ ಬದುಕಿರುವವರಿಗೇ. ಅದನ್ನು ಯಾರೂ ಜೋರಾಗಿ ಹೇಳುವುದಿಲ್ಲ.

ವೃದ್ಧಾಶ್ರಮಗಳನ್ನೇ ತೆಗೆದುಕೊಳ್ಳಿ. ರಾತ್ರಿ ಮಲಗುವ ಮುಂಚೆ ಎಲ್ಲರ ಸೆಟ್ ತೆಗೆಸುತ್ತಾರೆ, ತೆಗೆಸಲೇಬೇಕು, ವಸಡಿಗೂ ಸ್ವಲ್ಪ ಬಿಡುವು ಬೇಕು. ನೋಡಿಕೊಳ್ಳುವವರು ಕಡಿಮೆ, ಕೆಲಸ ಜಾಸ್ತಿ. ಎಲ್ಲವನ್ನೂ ಒಟ್ಟಿಗೆ ಒಯ್ದು ಒಂದೇ ಸಿಂಕಿನಲ್ಲಿ ಉಜ್ಜಿ ತೊಳೆದು ಬಟ್ಟಲುಗಳಿಗೆ ಹಾಕುತ್ತಾರೆ. ಒದ್ದೆಯಾದ ಗುಲಾಬಿ ಅಕ್ರಿಲಿಕ್ ಎಲ್ಲ ಒಂದೇ ಥರ ಕಾಣುತ್ತದೆ. ಒಂದು ಬಟ್ಟಲು ಆಚೀಚೆ ಆದರೆ ಸಾಕು. ನೆನಪಿನ ಶಕ್ತಿ ಚೆನ್ನಾಗಿರುವವರು 'ಇದು ನಂದಲ್ಲ' ಅನ್ನುತ್ತಾರೆ. ಮರೆವಿನ ಕಾಯಿಲೆ ಇರುವವರು ಏನು ಹೇಳುತ್ತಾರೆ? ಬಾಯಿಗೆ ತುರುಕಿದ್ದನ್ನು ಇಟ್ಟುಕೊಳ್ಳುತ್ತಾರೆ, ಇಲ್ಲವೇ ಉಗಿಯುತ್ತಾರೆ. ಉಗಿದರೆ ಹಟ ಅನ್ನುತ್ತಾರೆ. ಇಟ್ಟುಕೊಂಡರೆ ಎರಡು ದಿನದಲ್ಲಿ ವಸಡಿನಲ್ಲಿ ಹುಣ್ಣು, ಆಮೇಲೆ ಊಟ ಬೇಡ, ಆಮೇಲೆ ತೂಕ ಇಳಿಯುತ್ತದೆ. ನೋಡಲು ಬಂದ ಮಕ್ಕಳು ವಯಸ್ಸಾಯಿತಲ್ಲ ಅಂದುಕೊಂಡು ಹೋಗುತ್ತಾರೆ.

ಇದು ಸುಮ್ನೆ ಕಲ್ಪನೆಯ ಮಾತಲ್ಲ. ಒಮ್ಮೆ ನಮ್ಮ ಲ್ಯಾಬಿಗೆ ರಿಪೇರಿಗೆ ಅಂತ ಒಂದು ಜೊತೆ ಸೆಟ್ ಬಂದಿತ್ತು, 'ಮೇಲಿನದೂ ಕೆಳಗಿನದೂ ಸರಿಯಾಗಿ ಕೂರುತ್ತಿಲ್ಲ, ಸರಿಮಾಡಿಕೊಡಿ' ಅಂತ ಚೀಟಿ ಇತ್ತು. ಬೆಂಚಿನ ಮೇಲೆ ಇಟ್ಟು ಜೋಡಿಸಿ ನೋಡಿದರೆ ಮೇಲಿನ ದವಡೆ ಹಲ್ಲುಗಳು ಪೂರ್ತಿ ಸವೆದು ಚಪ್ಪಟೆಯಾಗಿವೆ, ಕೆಳಗಿನ ದವಡೆ ಹಲ್ಲುಗಳ ತುದಿ ಹೊಸದರಂತೆ ಚೂಪಾಗಿವೆ. ವರ್ಷಗಟ್ಟಲೆ ಒಂದನ್ನೊಂದು ಅರೆದ ಹಲ್ಲುಗಳಾದರೆ ಎರಡೂ ಕಡೆ ಸವೆತ ಹೊಂದಬೇಕು. ಇಲ್ಲಿ ಹಲ್ಲಿನ ಬಣ್ಣವೂ ಬೇರೆ. ಒಬ್ಬರ ಮೇಲಿನ ಸೆಟ್, ಇನ್ನೊಬ್ಬರ ಕೆಳಗಿನ ಸೆಟ್. ನಾವು ಅದರಲ್ಲಿ ಸರಿಮಾಡುವುದು ಏನೂ ಇರಲಿಲ್ಲ. ಉಳಿದರ್ಧ ಜೊತೆ ಇನ್ಯಾರೋ ಒಬ್ಬರ ಬಾಯಿಯಲ್ಲಿದೆ ಅಂತ ಬರೆದು ವಾಪಸ್ ಕಳಿಸಿದೆವು. ಅವು ಯಾರಿಗೆ ಸೇರಿದವು ಅಂತ ಕಂಡುಹಿಡಿಯಲು ಅವು ಬಂದ ಜಾಗದಲ್ಲಿರುವವರೆಲ್ಲರ ಬಾಯಿಗೆ ಒಂದೊಂದಾಗಿ ಹಾಕಿ ನೋಡುವುದೊಂದೇ ದಾರಿ. ಇದರಲ್ಲಿ ಸೋಂಕು ಹರಡುವ ಭಯವೂ ಇದೆ, ಬಾಯಿಯ ಶಿಲೀಂಧ್ರದ ಸೋಂಕು ಸೆಟ್ಟಿನ ಒಳಮೈಯಲ್ಲೇ ಮನೆ ಮಾಡಿಕೊಂಡಿರುತ್ತದೆ. ಆದ್ದರಿಂದಲೇ ನಾನು ಮೇಲಿನದಕ್ಕೂ ಕೆಳಗಿನದಕ್ಕೂ ಎರಡಕ್ಕೂ ಹೆಸರು ಹಾಕಬೇಕು ಅನ್ನುವುದು.

ಆಸ್ಪತ್ರೆಗಳಲ್ಲಿ ಕತೆ ಇನ್ನೊಂದು ಥರ. ಆಪರೇಷನ್‌ಗೆ ಕರೆದುಕೊಂಡು ಹೋಗುವ ಮುಂಚೆ ಸೆಟ್ ತೆಗೆಸುತ್ತಾರೆ. ಟಿಶ್ಯೂ ಪೇಪರಿನಲ್ಲಿ ಸುತ್ತಿ ದಿಂಬಿನ ಪಕ್ಕ ಇಡುತ್ತಾರೆ ಅಥವಾ ಊಟದ ತಟ್ಟೆಯಲ್ಲಿ ಇಡುತ್ತಾರೆ. ಟಿಶ್ಯೂ ಕಸದ ಬುಟ್ಟಿಗೆ, ಹಾಸಿಗೆಯ ಬಟ್ಟೆ ಒಗೆಯುವ ಕಡೆಗೆ, ತಟ್ಟೆ ಅಡುಗೆಮನೆಗೆ. ಅಲ್ಲಿ ಯಾರಿಗಾದರೂ ಸೆಟ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಅಷ್ಟು ವಾರ್ಡುಗಳಲ್ಲಿ ಯಾರಿಗೆ ಅಂತ ಕೊಡುತ್ತಾರೆ? ಹೆಸರಿದ್ದರೆ ಹತ್ತು ನಿಮಿಷದ ಕೆಲಸ. ಇಲ್ಲದಿದ್ದರೆ ಮತ್ತೆ ಅಳತೆ, ಮತ್ತೆ ಮೇಣ, ಮತ್ತೆ ವಾರಗಟ್ಟಲೆ ಗಂಜಿ.

ದಾರಿ ತಪ್ಪಿ ಎಲ್ಲೋ ಕುಳಿತಿರುವ, ತನ್ನ ಹೆಸರನ್ನೇ ಹೇಳಲು ಬಾರದ ಹಿರಿಯರನ್ನೂ ನೆನೆಸಿಕೊಳ್ಳಿ. ಜೇಬು ಖಾಲಿ, ಫೋನಿಲ್ಲ. ಬಾಯಿಯೊಳಗೆ ಹೆಸರಿದ್ದರೆ ಅವರು ಜೀವಂತ ಇರುವಾಗಲೇ ಮನೆ ಸೇರುತ್ತಾರೆ.

ಇನ್ನು ಸತ್ತವರ ಮಾತಿಗೆ ಬರೋಣ, ಅದನ್ನು ಬಿಟ್ಟುಬಿಡುವಂತೆಯೂ ಇಲ್ಲ. ದೊಡ್ಡ ದುರಂತಗಳಲ್ಲಿ ಗುರುತು ಹಿಡಿಯುವುದಕ್ಕೆ ಇಂಟರ್‌ಪೋಲ್ ಮುಖ್ಯ ಅಂತ ಹೇಳುವುದು ಮೂರನ್ನೇ. ಬೆರಳಚ್ಚು, ಹಲ್ಲು, ಡಿಎನ್‌ಎ. 2004ರ ಡಿಸೆಂಬರ್ 26ರ ಸುನಾಮಿ ಆದ ಮೇಲೆ ಥಾಯ್ಲೆಂಡಿನಲ್ಲಿ, ಬಿಸಿಲಿಗೆ ಮುಖ ಗುರುತೇ ಸಿಗದ ಹಾಗೆ ಆಗಿದ್ದ ಎಷ್ಟೋ ದೇಹಗಳನ್ನು ಹಲ್ಲಿನ ದಾಖಲೆಗಳಿಂದಲೇ ಗುರುತಿಸಿದರು. ಆದರೆ ಇದರಲ್ಲಿ ಒಂದು ತೊಡಕಿದೆ. ಹಲ್ಲಿನ ಗುರುತು ಸಿಗುವುದು ಬಾಯಿಯಲ್ಲಿ ಹಲ್ಲಿರುವವರಿಗೆ. ಎಲ್ಲಿ ಬೆಳ್ಳಿ ತುಂಬಿಸಿದ್ದಾರೆ, ಎಲ್ಲಿ ಬೇರಿನ ಚಿಕಿತ್ಸೆ ಆಗಿದೆ, ಎಲ್ಲಿ ಸಂದು ಇದೆ ಅಂತ ಹಳೇ ಎಕ್ಸ್‌ರೇ ಜೊತೆ ಹೋಲಿಸಿ ನೋಡುತ್ತಾರೆ. ಹಲ್ಲೆಲ್ಲ ಹೋದವರ ಬಾಯಿಯಲ್ಲಿ ಹೋಲಿಸಲು ಏನಿರುತ್ತದೆ? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ 60 ವರ್ಷ ದಾಟಿದವರಲ್ಲಿ ಸುಮಾರು 23 ಶೇಕಡಾ ಜನಕ್ಕೆ ಒಂದು ಹಲ್ಲೂ ಉಳಿದಿಲ್ಲ. ಹತ್ತಿರಹತ್ತಿರ ನಾಲ್ಕರಲ್ಲಿ ಒಬ್ಬರು. ಇವರ ಬಾಯಿಯಲ್ಲಿ ಗುರುತು ಅಂತ ಏನಾದರೂ ಇದ್ದರೆ ಅದು ನಾವು ಮಾಡಿಕೊಟ್ಟ ಸೆಟ್ ಮಾತ್ರ, ಅದನ್ನೂ ನಾವು ಹೆಸರಿಲ್ಲದೆ ಕಳಿಸಿದ್ದೇವೆ.

ಕಟ್ಟಿದ ಹಲ್ಲಿನಿಂದ ಗುರುತು ಹಿಡಿದ ಹಳೆಯ ಪ್ರಸಂಗಗಳನ್ನು ಓದಿದರೆ ನನಗೆ ಖುಷಿಗಿಂತ ದಿಗಿಲೇ ಜಾಸ್ತಿ. 1775ರ ಜೂನ್ 17ರಂದು ಅಮೆರಿಕದ ಬಂಕರ್ ಹಿಲ್ ಕದನದಲ್ಲಿ ಸತ್ತ ಡಾಕ್ಟರ್ ಜೋಸೆಫ್ ವಾರನ್ ಅವರನ್ನು ಶತ್ರುಗಳು ಅಲ್ಲೇ ಹೂತಿದ್ದರು. ಮರುವರ್ಷ ಅಗೆದು ತೆಗೆದಾಗ ಗುರುತು ಹಿಡಿದದ್ದು ಪಾಲ್ ರಿವಿಯರ್ ಅನ್ನುವ ಬೆಳ್ಳಿ ಕೆಲಸದವರು, ತಾನೇ ತಂತಿ ಸುತ್ತಿ ಕೂರಿಸಿದ್ದ ಕೃತಕ ಹಲ್ಲನ್ನು ನೋಡಿ. 1849ರಲ್ಲಿ ಬಾಸ್ಟನ್ನಿನಲ್ಲಿ ಜಾರ್ಜ್ ಪಾರ್ಕ್‌ಮನ್ ಅನ್ನುವ ಶ್ರೀಮಂತ ಕಾಣೆಯಾದರು. ಹಾರ್ವರ್ಡ್ ವೈದ್ಯಕೀಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಜಾನ್ ವೆಬ್‌ಸ್ಟರ್ ಅವರ ಪ್ರಯೋಗಶಾಲೆಯ ಕುಲುಮೆಯಲ್ಲಿ ಸುಟ್ಟ ಮೂಳೆಗಳ ಜೊತೆ ಕಟ್ಟಿದ ಹಲ್ಲಿನ ಚೂರುಗಳು ಸಿಕ್ಕವು. ಅವನ್ನು ಮಾಡಿದ್ದ ದಂತವೈದ್ಯ ನೇಥನ್ ಕೀಪ್ ಕೋರ್ಟಿನಲ್ಲಿ ಹೇಳಿದ ಒಂದು ಮಾತು ನಮ್ಮಂಥವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ನಾಲಿಗೆಗೆ ಜಾಗ ಸಾಲದು ಅಂತ ಪಾರ್ಕ್‌ಮನ್ ದೂರಿದ್ದರಿಂದ ಕೆಳಗಿನ ಸೆಟ್ಟಿನ ಒಳಬದಿಯನ್ನು ಅವರು ಸಣ್ಣ ಚಕ್ರದಿಂದ ಉಜ್ಜಿ ತೆಳುಮಾಡಿದ್ದರು. ಆ ಉಜ್ಜಿದ ಗುರುತು ಬೆಂಕಿಯಲ್ಲೂ ಉಳಿದಿತ್ತು. ತಮ್ಮ ಹತ್ತಿರ ಇಟ್ಟುಕೊಂಡಿದ್ದ ಪ್ಲಾಸ್ಟರ್ ಅಚ್ಚನ್ನು ಅವರು ತಂದು ತೋರಿಸಿದರು. 1850ರಲ್ಲಿ ವೆಬ್‌ಸ್ಟರ್‌ಗೆ ಗಲ್ಲಾಯಿತು.

ಇನ್ನೊಂದು 1949ರದ್ದು, ಇಂಗ್ಲೆಂಡಿನದು. ಜಾನ್ ಹೇಗ್ ಅನ್ನುವವನು ಆಲಿವ್ ಡುರಾಂಡ್-ಡೀಕನ್ ಎಂಬ ಹೆಂಗಸನ್ನು ಕೊಂದು ದೇಹವನ್ನು ಗಂಧಕಾಮ್ಲದ ಡ್ರಮ್ಮಿಗೆ ಹಾಕಿದ. ಹೆಣವೇ ಇಲ್ಲದಿದ್ದರೆ ಕೊಲೆಯೇ ಇಲ್ಲ ಅಂತ ಅವನ ಲೆಕ್ಕ. ಆದರೆ ಆಕೆಯ ಅಕ್ರಿಲಿಕ್ ಸೆಟ್ ಕರಗಿರಲಿಲ್ಲ. ಆಕೆಯ ದಂತವೈದ್ಯೆ ಹೆಲೆನ್ ಮೇಯೊ ಅದನ್ನು ನೋಡಿ ತಾನು ಕೊಟ್ಟಿದ್ದೇ ಅಂತ ಹೇಳಿದರು. ಅದೇ ವರ್ಷ ಅವನಿಗೂ ಗಲ್ಲು.

ಈ ಮೂರರಲ್ಲೂ ಸೆಟ್ಟಿನ ಮೇಲೆ ಹೆಸರಿರಲಿಲ್ಲ. ಮಾಡಿದವರು ಬದುಕಿದ್ದರು, ಹತ್ತಿರದಲ್ಲೇ ಇದ್ದರು, ಅವರಿಗೆ ನೆನಪಿತ್ತು, ಇಲ್ಲವೇ ದಾಖಲೆ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಯಾರ ಹೆಣ ಇರಬಹುದು ಅಂತ ಮೊದಲೇ ಒಂದು ಅನುಮಾನ ಇತ್ತು, ಹಾಗಾಗಿ ಯಾವ ದಂತವೈದ್ಯರನ್ನು ಕೇಳಬೇಕು ಅಂತ ಗೊತ್ತಿತ್ತು. ನಾನು ಹೋದ ವರ್ಷ ಮಾಡಿದ ಸೆಟ್ಟುಗಳನ್ನು ನನ್ನ ಮುಂದೆ ಇಟ್ಟು 'ಇದು ಯಾರದ್ದು' ಅಂದರೆ ನನಗೆ ಹೇಳಲು ಬರುವುದಿಲ್ಲ. ಈಗಿನ ಸೆಟ್ಟುಗಳಲ್ಲಿ ಹಲ್ಲುಗಳು ಫ್ಯಾಕ್ಟರಿಯಿಂದ ಬರುತ್ತವೆ, ಅದೇ ಬಣ್ಣ, ಅದೇ ಆಕಾರ ಸಾವಿರಾರು ಬಾಯಿಗಳಲ್ಲಿರುತ್ತದೆ.

ಡಿಎನ್‌ಎ ಇದೆಯಲ್ಲ ಅನ್ನುವವರಿದ್ದಾರೆ. ಇದೆ, ನಿಜ. ಆದರೆ ಡಿಎನ್‌ಎಯಲ್ಲಿ ಹೆಸರು ಬರೆದಿರುವುದಿಲ್ಲ. ಹೋಲಿಸಲು ಮಗನದ್ದೋ ಮಗಳದ್ದೋ ಸ್ಯಾಂಪಲ್ ಬೇಕು, ಅಂದರೆ ಯಾರ ಮನೆಯವರು ಅಂತ ಮೊದಲೇ ಒಂದು ಅಂದಾಜು ಬೇಕು. ಬೆರಳಚ್ಚಿಗೂ ಅಷ್ಟೇ, ಎಲ್ಲೋ ಒಂದು ಕಡೆ ಮೊದಲೇ ದಾಖಲಾಗಿರಬೇಕು, ಬೆರಳಿನ ಚರ್ಮವೂ ಉಳಿದಿರಬೇಕು. ಸೆಟ್ಟಿನ ಮೇಲಿನ ಹೆಸರು ಮೊದಲ ಹೆಜ್ಜೆಯನ್ನೇ ತೋರಿಸಿಬಿಡುತ್ತದೆ, ಯಾವ ಬಾಗಿಲು ತಟ್ಟಬೇಕು ಅಂತ. ಹಾಗಂತ ಅದೊಂದೇ ಸಾಕ್ಷಿ ಅಂತ ನಾನು ಹೇಳುತ್ತಿಲ್ಲ. ತೀರಿಹೋದ ಗಂಡನ ಸೆಟ್ಟನ್ನು ಹೆಂಡತಿ ಹಾಕಿಕೊಂಡ ಉದಾಹರಣೆಗಳೂ ಇವೆ, ನಗಬೇಡಿ, ಇವೆ. ಸೆಟ್ ಬಾಯಿಯೊಳಗೇ ಸಿಕ್ಕಿತೋ ಪಕ್ಕದಲ್ಲಿ ಬಿದ್ದಿತ್ತೋ ಅನ್ನುವುದನ್ನೂ ನೋಡಬೇಕು. ಹೆಸರು ದಾರಿ ತೋರಿಸುತ್ತದೆ, ಖಚಿತಪಡಿಸಿಕೊಳ್ಳುವ ಕೆಲಸ ಬೇರೆಯದರಿಂದ ಆಗಬೇಕು.

ಈಗ ಹೇಗೆ ಹಾಕುವುದು ಅನ್ನುವುದರ ಬಗ್ಗೆ ನನ್ನ ಕೆಲವು ತಕರಾರುಗಳು. ಕೆಲವರು ಬರ್ ಅನ್ನುವ ಸಣ್ಣ ಕೊರೆಯುವ ಮೊನೆಯಿಂದ ಸೆಟ್ಟಿನ ಮೈಯಲ್ಲೇ ಹೆಸರು ಗೀಚುತ್ತಾರೆ. ಸುಲಭ, ಆದರೆ ಆ ಗೀರಿನಲ್ಲಿ ಕೊಳೆ ಕೂರುತ್ತದೆ, ಆಳವಾದರೆ ಅಲ್ಲಿಂದಲೇ ಬಿರುಕು ಬಿಡುತ್ತದೆ. ಕೆಲವರು ಪ್ಲಾಸ್ಟರ್ ಅಚ್ಚಿನಲ್ಲಿ ಹೆಸರು ಕೊರೆಯುತ್ತಾರೆ, ಆಗ ಸೆಟ್ಟಿನ ಒಳಮೈಯಲ್ಲಿ ಅಕ್ಷರಗಳು ಉಬ್ಬಿ ಬರುತ್ತವೆ. ದಿನವಿಡೀ ಅಂಗುಳಕ್ಕೆ ಒತ್ತಿಕೊಂಡಿರುವ ಜಾಗ ಅದು, ಉರಿಯದೆ ಇರುತ್ತದಾ? ಎಕ್ಸ್‌ರೇ ಫಿಲ್ಮಿನ ಪೊಟ್ಟಣದೊಳಗೆ ಬರುವ ಸೀಸದ ಹಾಳೆಯ ಮೇಲೆ ಬರೆದು ಹುದುಗಿಸುವ ಪದ್ಧತಿಯೂ ಇದೆ. ಬಿಟ್ಟಿ ಸಿಗುತ್ತದೆ, ಮೆತ್ತಗಿದೆ, ಚೆನ್ನಾಗಿ ಬರೆಯಬಹುದು. ಮೇಲಿನ ಅಕ್ರಿಲಿಕ್ ಸವೆದರೆ ಏನು ಗತಿ ಅಂತ ಯೋಚಿಸಿ, ಬಾಯಿಯೊಳಗೆ ಸೀಸ ಇಡುವುದು ನನಗಂತೂ ಒಪ್ಪಿಗೆಯಿಲ್ಲ. ತೆಳ್ಳನೆಯ ಕಾಗದದ ಮೇಲೆ ಟೈಪ್ ಮಾಡಿ ಒಳಗೆ ಹುದುಗಿಸಿದರೆ ಓದಲು ಚೆನ್ನಾಗಿರುತ್ತದೆ, ವೃದ್ಧಾಶ್ರಮಕ್ಕೆ ಅಷ್ಟು ಸಾಕು, ಆದರೆ ಬೆಂಕಿಗೆ ನಿಲ್ಲುವುದಿಲ್ಲ.

ಬೆಂಕಿಯ ವಿಷಯ ಬಂದರೆ ಜಾಗವೂ ಮುಖ್ಯ. ಅಕ್ರಿಲಿಕ್ ಉರಿಯುವ ವಸ್ತು. ಆದರೆ ಮುಂದಿನ ಹಲ್ಲುಗಳು ಸುಟ್ಟುಹೋದರೂ ಬಾಯಿಯ ಹಿಂಭಾಗವನ್ನು ಕೆನ್ನೆ, ನಾಲಿಗೆ ಎರಡೂ ಸೇರಿ ಎಷ್ಟೋ ಹೊತ್ತು ಕಾಪಾಡುತ್ತವೆ. ಅದಕ್ಕೇ ಮೇಲಿನ ಸೆಟ್ಟಿಗಾದರೆ ಹಿಂದಿನ ದವಡೆ ಹಲ್ಲಿನ ಹತ್ತಿರ ಅಂಗುಳದ ಕಡೆ, ಕೆಳಗಿನದಕ್ಕಾದರೆ ಹಿಂದೆ ನಾಲಿಗೆಯ ಕಡೆ ಹೆಸರು ಇರಬೇಕು. ಅಕ್ರಿಲಿಕ್ ಪೂರ್ತಿ ಉರಿದುಹೋದರೂ ಸ್ಟೀಲ್ ಪಟ್ಟಿ ಉಳಿಯುತ್ತದೆ, ಅದು ಕರಗಲು ಸುಮಾರು 1,400 ಡಿಗ್ರಿ ಸೆಲ್ಸಿಯಸ್ ಬೇಕು, ಮನೆಗೆ ಬಿದ್ದ ಬೆಂಕಿ ಸಾಮಾನ್ಯವಾಗಿ ಅಲ್ಲಿಗೆ ಹೋಗುವುದಿಲ್ಲ. ಅಕ್ಷರ ಇಂಕಿನಲ್ಲಿ ಇರಬಾರದು, ಕೊರೆದಿರಬೇಕು, ಅಷ್ಟೇ. ಸ್ಟೀಲಿನಿಂದ ಇನ್ನೊಂದು ಲಾಭ, ಎಕ್ಸ್‌ರೇಯಲ್ಲಿ ಅದು ಎದ್ದು ಕಾಣುತ್ತದೆ. ಮಾಮೂಲಿ ಅಕ್ರಿಲಿಕ್ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಸೆಟ್ ಮುರಿದು ಚೂರು ಗಂಟಲಿಗೆ ಇಳಿದರೆ ಡಾಕ್ಟರುಗಳು ಒದ್ದಾಡುವುದು ಇದರಿಂದಲೇ.

ಇತ್ತೀಚೆಗೆ ಚಿಪ್, ಕ್ಯೂಆರ್ ಕೋಡ್ ಅಂತ ಶುರುವಾಗಿದೆ. ರೇಡಿಯೋ ಅಲೆಯಿಂದ ಓದುವ ಅಕ್ಕಿಕಾಳಿನಷ್ಟು ಚಿಪ್ಪನ್ನು ಸೆಟ್ಟಿನೊಳಗೆ ಇಡುತ್ತಾರೆ. ಬ್ಯಾಟರಿ ಬೇಡ, ಹೆಸರಿನ ಜೊತೆ ಕಾಯಿಲೆ, ಔಷಧ ಎಲ್ಲ ಹಾಕಬಹುದು. ಕೇಳಲು ಚೆಂದ. ಅದನ್ನು ಓದುವ ಯಂತ್ರ ಶವಾಗಾರದಲ್ಲಿ ಇದೆಯಾ? ವೃದ್ಧಾಶ್ರಮದ ಸಿಂಕಿನ ಪಕ್ಕ ಇದೆಯಾ? ಅಲ್ಲಿ ಇಂಥ ಚಿಪ್ ಇದೆ ಅಂತ ಹುಡುಕಬೇಕು ಅನ್ನುವುದಾದರೂ ಯಾರಿಗೆ ಹೊಳೆಯುತ್ತದೆ? ಕ್ಯೂಆರ್ ಕೋಡ್ ಫೋನಿನಲ್ಲಿ ಓದಬಹುದು ಅಂತೀರಾ, ಸರಿ. ಅದು ಕರೆದುಕೊಂಡು ಹೋಗುವ ವೆಬ್‌ಸೈಟ್ ಹತ್ತು ವರ್ಷದ ಮೇಲೆ ಇರುತ್ತದೆ ಅಂತ ಯಾರು ಬರೆದುಕೊಡುತ್ತಾರೆ? ಸೆಟ್ಟನ್ನು ಜನ ಅದಕ್ಕಿಂತ ಜಾಸ್ತಿ ವರ್ಷ ಬಳಸುವುದನ್ನು ನಾನು ನೋಡಿದ್ದೇನೆ. ಹೊಸ ತಂತ್ರಜ್ಞಾನದ ಮೇಲೆ ನನಗೆ ದ್ವೇಷವಿಲ್ಲ, ಬೇಕಾದರೆ ಅದೂ ಇರಲಿ. ಆದರೆ ಬರಿಗಣ್ಣಿಗೆ ಕಾಣುವ, ಓದು ಬರುವ ಯಾರೇ ಆದರೂ ಓದಬಹುದಾದ ಹೆಸರು ಮೊದಲು ಇರಬೇಕು.

ಬರೀ ನಂಬರ್ ಹಾಕುವುದಕ್ಕೂ ನನ್ನ ವಿರೋಧವಿದೆ. ನಂಬರಿಗೆ ಒಂದು ಪುಸ್ತಕ ಬೇಕು, ಆ ಪುಸ್ತಕ ಇರುವ ಕ್ಲಿನಿಕ್ ಮುಚ್ಚಬಾರದು. ಸರ್ಕಾರಿ ಗುರುತಿನ ನಂಬರನ್ನೇ ಹಾಕಿಬಿಡಿ ಅನ್ನುವವರಿದ್ದಾರೆ, ಸೆಟ್ ಸಿಂಕಿನಲ್ಲೂ ಮೇಜಿನ ಮೇಲೂ ಬಿದ್ದಿರುವ ವಸ್ತು, ಅದರ ಮೇಲೆ ಅಂಥ ನಂಬರ್ ಯಾಕೆ? ವಿಳಾಸ ಬದಲಾಗುತ್ತದೆ, ಫೋನ್ ನಂಬರ್ ಇನ್ನೂ ಬೇಗ ಬದಲಾಗುತ್ತದೆ. ಪೂರ್ತಿ ಹೆಸರು, ಹುಟ್ಟಿದ ವರ್ಷ, ಜಾಗ ಉಳಿದರೆ ಕ್ಲಿನಿಕ್ಕಿನ ಗುರುತು. ಇಷ್ಟು ಸಾಕು. ಒಂದೇ ಹೆಸರಿನವರು ಇಬ್ಬರಿದ್ದರೆ ಹುಟ್ಟಿದ ವರ್ಷ ಕೈಹಿಡಿಯುತ್ತದೆ.

ಸ್ವೀಡನ್ನಿನಲ್ಲಿ ಸೆಟ್ ಮಾಡಿಕೊಡುವಾಗ ಗುರುತು ಹಾಕಿಕೊಡಲೇ ಅಂತ ರೋಗಿಯನ್ನು ಕೇಳಲೇಬೇಕು ಅನ್ನುವ ನಿಯಮವಿದೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಕಾನೂನೇ ಇದೆ. ಕ್ಯಾಲಿಫೋರ್ನಿಯಾದ ಕಾನೂನು ನನಗೆ ಹಿಡಿಸಿತು. ಪೂರ್ತಿ ಸೆಟ್ ಮಾಡಿದರೆ ಅದರಲ್ಲಿ ರೋಗಿಯ ಹೆಸರಿರಬೇಕು, ಮಾಡುವಾಗಲೇ ಹಾಕಬೇಕು, ಅಳಿಸಬಾರದು, ಓದಲು ಬರಬೇಕು, ನೋಡಲು ಅಸಹ್ಯವಾಗಿರಬಾರದು. ರೋಗಿ ಬೇಡ ಅಂದರೆ ಹಾಕುವ ಹಾಗಿಲ್ಲ. ಈ ಕೊನೆಯ ಮಾತು ಮುಖ್ಯ. ನನ್ನ ಬಾಯಿಯಲ್ಲಿ ಹೆಸರು ಯಾಕೆ, ನಾನೇನು ಕಳೆದುಹೋಗುವ ಸಾಮಾನಾ ಅಂತ ಕೆಲವರಿಗೆ ಅನ್ನಿಸುವುದು ಸಹಜ. ಬೇಡ ಅಂದರೆ ಬೇಡ. ಕೇಳುವುದನ್ನಂತೂ ಬಿಡಬಾರದು. ಈಗ ಯಾರೂ ಕೇಳುತ್ತಲೇ ಇಲ್ಲ. ಡಾಕ್ಟರನ್ನು ವಿಚಾರಿಸಿದರೆ ರೋಗಿಗಳು ಕೇಳುವುದಿಲ್ಲ ಅನ್ನುತ್ತಾರೆ. ಇಂಥದ್ದು ಇದೆ ಅಂತಲೇ ಗೊತ್ತಿಲ್ಲದವರು ಏನಂತ ಕೇಳುತ್ತಾರೆ? ನಾವು ಲ್ಯಾಬಿನವರು ಚೀಟಿಯಲ್ಲಿ ಬರೆದಿದ್ದರೆ ಮಾಡುತ್ತೇವೆ, ಬರೆಯದಿದ್ದರೆ ನಾವಾಗಿಯೇ ಇನ್ನೊಬ್ಬರ ಬಾಯಿಗೆ ಹೆಸರು ಹಾಕುವ ಹಾಗಿಲ್ಲ.

ಈಗಾಗಲೇ ಸೆಟ್ ಇರುವವರೂ ನಿರಾಸೆಯಾಗಬೇಕಿಲ್ಲ. ಹಳೇ ಸೆಟ್ಟಿನ ಹಿಂಭಾಗದಲ್ಲಿ ಸ್ವಲ್ಪ ಗುಂಡಿ ಮಾಡಿ ಪಟ್ಟಿ ಕೂರಿಸಿ, ಬಣ್ಣವಿಲ್ಲದ ಅಕ್ರಿಲಿಕ್‌ನಿಂದ ಮುಚ್ಚಿ ಪಾಲಿಷ್ ಮಾಡಿದರೆ ಆಯಿತು, ಬಿಸಿ ಮಾಡದೆಯೇ ಗಟ್ಟಿಯಾಗುವ ಅಕ್ರಿಲಿಕ್ ಇದೆ, ಕಾಯುತ್ತ ಕುಳಿತಿದ್ದಾಗಲೇ ಮಾಡಿಕೊಡಬಹುದು. ವೃದ್ಧಾಶ್ರಮದವರು ಒಟ್ಟಿಗೆ ಎಲ್ಲರದ್ದಕ್ಕೂ ಮಾಡಿಸುವುದಾದರೆ ಇನ್ನೂ ಸುಲಭದ ದಾರಿಯಿದೆ. ಸೆಟ್ಟನ್ನು ಚೆನ್ನಾಗಿ ತೊಳೆದು ಒಣಗಿಸಿ, ಕೆನ್ನೆಯ ಕಡೆಯ ಸಣ್ಣ ಜಾಗವನ್ನು ನಯವಾದ ಉಜ್ಜುಕಾಗದದಿಂದ ಉಜ್ಜಿ ಹೊಳಪು ತೆಗೆದು, ಅಳಿಸದ ಪೆನ್ನಿನಿಂದ ಹೆಸರು ಬರೆದು, ಮೇಲೆ ಬಾಯಿಗೆಂದೇ ಮಾಡಿದ ಪಾರದರ್ಶಕ ಲೇಪನ ಎರಡು ಸಲ ಹಚ್ಚುವುದು. ಕಾಲ ಕಳೆದಂತೆ ಮಾಸುತ್ತದೆ, ಆಗ ಮತ್ತೆ ಬರೆಯಬೇಕು. ಇದನ್ನು ಓದಿ ಮನೆಯಲ್ಲಿರುವ ಉಗುರುಬಣ್ಣವನ್ನೋ ಫೆವಿಕ್ವಿಕ್ಕನ್ನೋ ಹಚ್ಚಲು ಹೋಗಬೇಡಿ ದಯವಿಟ್ಟು, ಅವು ಬಾಯಿಯೊಳಗೆ ಇರಬೇಕಾದ ವಸ್ತುಗಳಲ್ಲ. ಹಾಗೆಯೇ ಸೆಟ್ಟನ್ನು ಕುದಿಯುವ ನೀರಿಗೆ ಹಾಕಬೇಡಿ, ಆಕಾರ ಕೆಡುತ್ತದೆ. ಇದು ಹೆಸರಿಗೆ ಸಂಬಂಧಪಟ್ಟದ್ದಲ್ಲ, ಆದರೂ ಹೇಳದೆ ಇರಲಾರೆ.

ಏನೂ ಮಾಡಿಸಲು ಆಗದಿದ್ದರೆ ಒಂದು ಕೆಲಸವಾದರೂ ಮಾಡಿ. ಸೆಟ್ಟಿನ ಒಳಮೈಯ ಫೋಟೊ ತೆಗೆದು ಮನೆಯವರ ಫೋನಿನಲ್ಲಿ ಇಟ್ಟಿರಿ, ಹೊಸ ಸೆಟ್ ಬಂದಾಗ ಹಳೆಯದನ್ನು ಎಸೆಯಬೇಡಿ. ಮುಂದಿನ ಹಲ್ಲುಗಳ ಹಿಂದೆ ಅಂಗುಳದಲ್ಲಿ ನಾಲಿಗೆ ಆಡಿಸಿದರೆ ಏರಿಳಿತದ ಗೆರೆಗಳು ಸಿಗುತ್ತವೆ. ಅವು ತಾಯಿಯ ಹೊಟ್ಟೆಯಲ್ಲಿರುವಾಗಲೇ ಮೂಡುತ್ತವೆ, ಒಬ್ಬರದ್ದರ ಹಾಗೆ ಇನ್ನೊಬ್ಬರದ್ದು ಇರುವುದಿಲ್ಲ ಅಂತಲೇ ತಿಳಿದವರು ಹೇಳುವುದು. ಹಲ್ಲು ಕೀಳಿಸಿದಾಗ ಸ್ವಲ್ಪ ಆಚೀಚೆ ಆಗಬಹುದು. ಮೇಲಿನ ಸೆಟ್ಟಿನ ಒಳಮೈಯಲ್ಲಿ ಅವುಗಳ ಅಚ್ಚು ಬಿದ್ದಿರುತ್ತದೆ. ಹಳೇ ಸೆಟ್ ಮನೆಯಲ್ಲಿದ್ದರೆ, ಹೆಸರಿಲ್ಲದ ಹೊಸ ಸೆಟ್ಟನ್ನು ಅದರ ಜೊತೆ ಹೋಲಿಸಿ ನೋಡಲು ಒಂದು ಆಧಾರ ಸಿಗುತ್ತದೆ.

ಡಾಕ್ಟರುಗಳಿಗೆ ನನ್ನದು ಒಂದೇ ಬೇಡಿಕೆ. ಲ್ಯಾಬಿಗೆ ಕಳಿಸುವ ಚೀಟಿಯಲ್ಲಿ ಬಣ್ಣ, ಆಕಾರ, ತಾರೀಖಿನ ಕೆಳಗೆ ಇನ್ನೊಂದು ಸಾಲು ಅಚ್ಚು ಹಾಕಿಸಿ: 'ಸೆಟ್ಟಿನಲ್ಲಿ ಹೆಸರು — ಬೇಕು / ಬೇಡ'. ರೋಗಿ ಕುರ್ಚಿಯಲ್ಲಿ ಇರುವಾಗಲೇ ಕೇಳಿ ಟಿಕ್ ಮಾಡಿ. ಹೆಸರಿನ ಅಕ್ಷರಗಳನ್ನು ಮಾತ್ರ ಬಿಡಿಸಿ, ಓದಲು ಬರುವ ಹಾಗೆ ಬರೆದು ಕಳಿಸಿ. ನಿಮ್ಮ ಕೈಬರಹ ನಮಗೆ ಗೊತ್ತಿದೆ.

ಇಂತಿ,
ಒಬ್ಬ ಡೆಂಟಲ್ ಲ್ಯಾಬ್ ಟೆಕ್ನಿಷಿಯನ್